ಗುಜರಿಗೆ ಹೊರಟಿದ್ದ ಕಾರು

ಆಯುಧಪೂಜೆಯ ಹಿಂದಿನ ದಿನ ಬೆಳಿಗ್ಗೆ ಶಿಕಾರಿಪುರ ಠಾಣೆಗೆ ಬಂದ ದೂರು ಕೇಳಿ ಹೆಡ್ ಕಾನ್‌ಸ್ಟೆಬಲ್ ಚನ್ನೇಶ್‌ಗೆ ನಗು ತಡೆಯಲಾಗಲಿಲ್ಲ. ಜಜ್ಜಿ ಪುಡಿ ಮಾಡಲೆಂದು ನಿಲ್ಲಿಸಿದ್ದ ಕಾರನ್ನು ಯಾರೋ ಕದ್ದಿದ್ದರು.

"ಅದನ್ನ ಒಯ್ದು ಏನ್ ಮಾಡ್ತಾನ್ರೀ ಪುಣ್ಯಾತ್ಮ?" ಎಂದ.

ದೂರು ತಂದಿದ್ದ ಅಕ್ಕಿ ಗಿರಣಿಯ ಗಂಗಾಧರಪ್ಪನವರು ನಗುವ ಸ್ಥಿತಿಯಲ್ಲಿರಲಿಲ್ಲ. ಸಬ್ ಇನ್‌ಸ್ಪೆಕ್ಟರ್ ಸಬಿಹಾ ಚನ್ನೇಶ್‌ನತ್ತ ಒಮ್ಮೆ ಕಣ್ಣು ಬಿಟ್ಟು, ಅವರಿಗೆ ಕುರ್ಚಿ ತೋರಿಸಿದಳು.

ಕಾರು ವಿದೇಶಿ ಕಂಪನಿಯದು, ಡೀಸೆಲ್. ಹೊಗೆ ತಪಾಸಣೆಗೆ ನಿಲ್ಲಿಸಿದಾಗ ಸಾಧುವಾಗಿದ್ದು, ರಸ್ತೆಗಿಳಿದ ಮೇಲೆ ಬೇಕಾದಷ್ಟು ವಿಷ ಉಗುಳುವ ಹಾಗೆ ಕಂಪನಿಯವರೇ ಅದರೊಳಗೆ ಕಳ್ಳ ಸಾಫ್ಟ್‌ವೇರ್ ಕೂರಿಸಿದ್ದರು. ಬಣ್ಣ ಬಯಲಾದ ಮೇಲೆ ಕಾರುಗಳನ್ನೆಲ್ಲ ವಾಪಸ್ ಕರೆಸಿಕೊಳ್ಳುತ್ತಿದ್ದರು. ಸರಿಹೋಗುವುದನ್ನು ಸರಿಮಾಡಿ ಕೊಡುವುದು, ಸರಿಹೋಗದ ಹಳೆಯ ಮಾಡೆಲ್‌ಗೆ ಪರಿಹಾರ ಕೊಟ್ಟು ಗುಜರಿಗೆ ಹಾಕುವುದು. ಗಂಗಾಧರಪ್ಪನವರದು ಗುಜರಿಯ ಪಾಲಿನದು. ಸುತ್ತಲಿನ ತಾಲ್ಲೂಕುಗಳ ಅಂಥ ಕಾರುಗಳನ್ನು ಊರಾಚೆಯ ಯಾರ್ಡಿನಲ್ಲಿ ನಿಲ್ಲಿಸಿದ್ದರು. ಹಬ್ಬ ಕಳೆದ ಕೂಡಲೇ ಲಾರಿ ಬರುವುದಿತ್ತು. ಲಾರಿ ಹತ್ತಿದರೆ ಮುಗಿಯಿತು, ಒಂದು ಬೋಲ್ಟೂ ಉಳಿಯುವುದಿಲ್ಲ.

"ನನ್ನ ಮಗಳು ಗಂಡನ ಮನೆಗೆ ಹೋಗಿದ್ದು ಅದೇ ಗಾಡ್ಯಾಗ ಮೇಡಂ. ಕೊಡಾಕೆ ಮನಸ್ಸಿರ್ಲಿಲ್ಲ. ಕಾನೂನು ಅಂದ್ರು, ಕೊಟ್ವಿ. ಈಗ ಕಂಪನಿಯೋರು ನಾನೇ ಬಚ್ಚಿಟ್ಟೀನಿ ಅಂತಾರಲ್ರೀ!"

ಎಫ್‌ಐಆರ್ ದಾಖಲಾಯಿತು. ಹನ್ನೊಂದು ಗಂಟೆಗೆ ಸಬಿಹಾ, ಚನ್ನೇಶ್ ಯಾರ್ಡಿನಲ್ಲಿ ಪಂಚನಾಮೆಗೆ ನಿಂತರು. ಕಾರು ಕಾಣೆಯಾದದ್ದು ಹಿಂದಿನ ಸಂಜೆ, ಬೀಗ ಒಡೆದಿರಲಿಲ್ಲ. ಕಾರುಗಳ ಕೀಲಿಗಳೆಲ್ಲ ಶೆಡ್ಡಿನ ಮೊಳೆಗಳಿಗೆ ತೂಗುತ್ತಿದ್ದವು, ಒಂದು ಮೊಳೆ ಮಾತ್ರ ಖಾಲಿ.

"ನಿನ್ನೆ ಸಂಜೆ ನೀನೆಲ್ಲಿದ್ದೆ?" ಕಾವಲುಗಾರ ರಾಜುವನ್ನು ಸಬಿಹಾ ಕೇಳಿದಳು.

"ಚಾ ಕುಡಿಯಾಕೆ ಹೋಗಿದ್ದೆ ಮೇಡಂ."

"ಗೇಟು ಹಾಕಿದ್ಯಾ?"

"ಈಗ ಬಂದ್ಬಿಡ್ತೀನಲ್ಲ ಅಂತ..."

"ಬರೀ ಚಹಾನಾ?"

"ಮಿರ್ಚಿನೂ ಇತ್ತು ಮೇಡಂ," ಎಂದು ರಾಜು ತಲೆ ತಗ್ಗಿಸಿದ.

ಕಾರು ನಿಂತಿದ್ದ ಜಾಗದಲ್ಲಿ ನೆಲ ಕಪ್ಪಾಗಿತ್ತು. ಸಬಿಹಾ ಬಗ್ಗಿದಳು, ಮೂಗಿಗೆ ಡೀಸೆಲ್ ವಾಸನೆ ಬಡಿಯಿತು. ಅಷ್ಟೇ ಸಾಕಾಯಿತು, ಹೊನ್ನಾಳಿಯ ತಮ್ಮ ಮನೆಯ ಬಾಗಿಲು ಕಣ್ಣಮುಂದೆ ಬಂತು. ಅಬ್ಬಾ ಮುನೀರ್ ಅಹ್ಮದ್ ಗ್ಯಾರೇಜು ಮುಚ್ಚಿ ಬರುವಾಗ ಅಂಗಿಯ ತುಂಬ ಇದೇ ವಾಸನೆ. ಅಮ್ಮಿ "ಸ್ನಾನ ಆಗೋವರೆಗೂ ಮುಟ್ಟಬೇಡ" ಎಂದು ಕೂಗುತ್ತಿದ್ದರೆ ಈಕೆ ಓಡಿ ಹೋಗಿ ತಬ್ಬಿಕೊಂಡೇ ಬಿಡುತ್ತಿದ್ದಳು. ಅಬ್ಬಾ ಹೋದ ಮೇಲೆ ಆ ಅಂಗಿಗಳನ್ನು ಯಾರಿಗೆ ಕೊಟ್ಟರೋ! ಒಂದನ್ನಾದರೂ ಇಟ್ಟುಕೊಳ್ಳಬಾರದಿತ್ತೇ ಎಂದುಕೊಂಡು ಅವಳು ಎದ್ದಳು.

ಮೊದಲ ಅನುಮಾನ ಟ್ಯಾಕ್ಸಿ ಆರಿಫ್ ಮೇಲೆ. ಹಿಂದಿನ ವಾರ ಯಾರ್ಡಿಗೆ ಬಂದು ರಂಪ ಮಾಡಿ ಹೋಗಿದ್ದ. ಮಧ್ಯಾಹ್ನ ಕರೆಸಿದರು.

"ಜಗಳ ಆಡಿದ್ದು ಹೌದು ರೀ. ನಂದೂ ಅದೇ ಕಂಪನಿ ಗಾಡಿ, ರಿಪೇರಿ ಮಾಡಿ ಕೊಟ್ರು, ಇಂಜಿನ್ ಎಳೆತಾನೇ ಹೋಗೇತಿ. ಮೊದ್ಲು ಏಳು ಮಂದೀನ ಕೂರಿಸ್ಕೊಂಡು ಬಳ್ಳಿಗಾವಿಗೆ ಹೊಂಟ್ರೆ ಹೆಂಗ್ ಹೋಗ್ತಿತ್ತು ಗೊತ್ತಾ? ಆ ಮಜಾನೇ ಬೇರೆ. ಈಗ ಎಮ್ಮೆ ಆಗೇತಿ."

"ನಿನ್ನೆ ಸಂಜೆ?"

"ಉಳವಿಗೆ ಬಾಡಿಗೆ ಹೋಗಿದ್ದೆ. ಕರ್ಕೊಂಡು ಹೋದೋರ್ನೇ ಕೇಳ್ರಿ."

ಕೇಳಿದರು, ನಿಜವಿತ್ತು. ಅಷ್ಟರಲ್ಲಿ ಪೆಟ್ರೋಲ್ ಬಂಕೊಂದರ ಕ್ಯಾಮೆರಾದಲ್ಲಿ ಕಾರು ಸಿಕ್ಕಿತು. ಆನವಟ್ಟಿಯ ಕಡೆಗೆ ಹೋಗಿತ್ತು. ಓಡಿಸಿದವನ ಮುಖ ಕಾಣಲಿಲ್ಲ.

ಮರುದಿನ ಹಬ್ಬ. ಬೆಳಗಾಗುತ್ತಲೇ ಜೀಪು ಆನವಟ್ಟಿಗೆ ಹೊರಟಿತು. ಹಿಂದೆ ಕಾನ್‌ಸ್ಟೆಬಲ್ ಉದಯ ಕೂತಿದ್ದ. ಪೇಟೆ ಬಂದ ಕೂಡಲೇ ಚನ್ನೇಶ್ ಡ್ರೈವರಿಗೆ ಹೇಳಿ ಜೀಪು ನಿಲ್ಲಿಸಿದ. "ಇವತ್ತು ಹಾರ ಇಲ್ದೆ ಗಾಡಿ ಓಡಿಸ್ಬಾರ್ದು ಮೇಡಂ. ನೀವು ಬೈದ್ರೂ ಸರಿ."

ಹೂವಿನ ತಿಮ್ಮಮ್ಮ ಕೈಯಾಡಿಸಿದಳು. "ದೊಡ್ಡ ಹಾರ ಖಾಲಿ ಆತು ಸಾಮಿ. ಕಾರಿಗೆ ಹಾಕೋದು ಒಂದಿತ್ತು, ಮಾಲತೇಶ ಒಯ್ದ. ಅವ್ನ ಮನೇಲಿರೋದು ಒಂದು ಮೊಪೆಡ್ಡು! ಅದ್ಕೆ ಮೂರು ಸುತ್ತು ಸುತ್ತಬೇಕು ನೋಡು. ಬೂದುಗುಂಬಳನೂ ಹೊತ್ಕೊಂಡ್ ಹೋದ ಮಾರಾಯ."

ಸಬಿಹಾ ಜೀಪಿನಿಂದ ಇಳಿದಳು. "ಯಾವ ಮಾಲತೇಶ ಅಜ್ಜಿ?"

"ಸ್ಕೂಲ್ ವ್ಯಾನ್ ಹೊಡೀತಾನಲ್ಲ. ಮುಂಚೆ ಶಿಕಾರಿಪುರದ ಗಿರಣಿ ಸಾಹುಕಾರ್ರ ಹತ್ರ ಡ್ರೈವರ್ ಆಗಿದ್ದ. ಪಾಪದೋನು."

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಹಿತ್ತಲಿನ ಹುಲ್ಲಿನ ಶೆಡ್ಡಿನಲ್ಲಿ ಕಾರು ತೊಳೆಸಿಕೊಂಡು, ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಹಾರ ಹಾಕಿಸಿಕೊಂಡು ನಿಂತಿತ್ತು. ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು. ಎದುರಿಗೆ ಒಡೆದ ಬೂದುಗುಂಬಳ. ಕದ್ದ ಮಾಲಿಗೂ ಪೂಜೆ ತಪ್ಪಿಸದ ಕಳ್ಳನನ್ನು ಚನ್ನೇಶ್ ತನ್ನ ಇಷ್ಟು ವರ್ಷದ ನೌಕರಿಯಲ್ಲಿ ನೋಡಿರಲಿಲ್ಲ. ಅಗರಬತ್ತಿ ಹಿಡಿದಿದ್ದ ಮಾಲತೇಶ ಓಡಲಿಲ್ಲ.

"ನೀನೇ ತಂದಿದ್ದಾ?"

"ಹೌದು ಮೇಡಂ."

"ಯಾಕೆ?"

ಸಬಿಹಾ ಒಂದೊಂದಾಗಿ ಕೇಳಿದಳು. ಮಾರೋಕಾ, ಬಿಡಿಭಾಗಕ್ಕಾ, ಸಾಹುಕಾರರ ಮೇಲೆ ಸಿಟ್ಟಾ? ಎಲ್ಲಕ್ಕೂ ಅವನು ಇಲ್ಲವೆಂದು ತಲೆಯಾಡಿಸಿದ. ಜಪ್ತಿ ಪಂಚನಾಮೆ ಮುಗಿಸಿ, ದಸ್ತಗಿರಿ ಮಾಡಿ ಹೊರಟರು. ಡ್ರೈವರ್ ಜೀಪನ್ನು ಮುಂದೆ ಒಯ್ದ. ಕಾರನ್ನು ಚನ್ನೇಶ್ ಓಡಿಸಿದ, ಪಕ್ಕದಲ್ಲಿ ಸಬಿಹಾ, ಹಿಂದೆ ಉದಯನ ಜತೆ ಮಾಲತೇಶ.

ಊರು ದಾಟುತ್ತಲೇ ಬಿಸಿಲು ನೇರ ಕಣ್ಣಿಗೆ ಹೊಡೆಯಿತು. ಸಬಿಹಾ ತಲೆಯ ಮೇಲಿನ ಬಿಸಿಲು ಮರೆಯ ಫಲಕಕ್ಕೆ ಕೈ ಹಾಕಿದಳು.

"ಬೇಡ ಮೇಡಂ! ಕೈ ಮುಗೀತೀನಿ, ಅದನ್ನ ಎಳೀಬೇಡಿ!"

ಚನ್ನೇಶ್ ಗಕ್ಕನೆ ಬ್ರೇಕ್ ಹಾಕಿದ. "ಏನಿದೆ ಅದರಲ್ಲಿ?" ಸಬಿಹಾ ಗದರಿದಳು.

ಮಾಲತೇಶನ ದನಿ ಕುಸಿಯಿತು. "ಅದರೊಳಗೆ ಕನ್ನಡಿ ಐತೆ. ಕನ್ನಡೀಲಿ ಶಾಲಿನಿ ಬೊಟ್ಟು ಐತೆ. ನನ್ನ ಹೆಂಡ್ತಿ. ಆಪರೇಷನ್‌ಗೆ ಶಿವಮೊಗ್ಗಕ್ಕೆ ಕರ್ಕೊಂಡು ಹೋಗೋಕೆ ಸಾಹುಕಾರ್ರೇ ಗಾಡಿ ಕೊಟ್ಟಿದ್ರು. ಆಸ್ಪತ್ರೆಯೋರು ಬೊಟ್ಟು ಬಳೆ ಎಲ್ಲ ತೆಗೀರಿ ಅಂತಾರೆ ಅಂತ ಅವ್ಳು ಇಲ್ಲೇ ತೆಗೆದು ಅಂಟಿಸಿದ್ಲು. ಬರ್ತಾ ಹಚ್ಕೋತೀನಿ ಅಂದ್ಲು." ಅವನು ಆ ಫಲಕದ ಮೇಲೇ ಕಣ್ಣಿಟ್ಟಿದ್ದ. "ಬರ್ಲಿಲ್ಲ. ಅಂಟು ಒಣಗೈತೆ ಮೇಡಂ. ಅಲ್ಲಾಡಿಸಿದ್ರೆ ಬಿದ್ದೋಗುತ್ತೆ."

ಸಬಿಹಾ ಕೈ ಇಳಿಸಿದಳು. ಹಿಂದಕ್ಕೆ ತಿರುಗಿ ಕೇಳಿದಳು. "ಸಾಹುಕಾರ್ರನ್ನ ಕೇಳಿದ್ರೆ ಕೊಡ್ತಿರ್ಲಿಲ್ವಾ?"

"ಏನಂತ ಕೇಳ್ಲಿ ಮೇಡಂ?"

ಮುಂದಕ್ಕೆ ನಡಿ ಎಂದು ಅವಳು ಚನ್ನೇಶ್‌ಗೆ ಸನ್ನೆ ಮಾಡಿದಳು. ಕಾರು ಮತ್ತೆ ಹೊರಟಿತು. ಕಣ್ಣು ಕಿರಿದು ಮಾಡಿಕೊಂಡು ಅವಳು ಬಿಸಿಲಿಗೆ ಮುಖ ಕೊಟ್ಟು ಕೂತಳು. ಸ್ವಲ್ಪ ದೂರ ಹೋದ ಮೇಲೆ ಮಾಲತೇಶನೇ ಕೇಳಿದ, "ಈಗ ಇದನ್ನ ಲಾರಿಗೆ ಹಾಕ್ತಾರಾ ಸಾರ್?"

"ಹೆಂಗ್ ಹಾಕ್ತಾರೋ? ಇದು ಈಗ ಕೇಸಿನ ಮಾಲು," ಎಂದ ಚನ್ನೇಶ್. "ಕೋರ್ಟು ಹೇಳೋತನಕ ಠಾಣೆ ಅಂಗಳದಾಗೆ ನಿಂತಿರ್ತೈತಿ. ಯಾರೂ ಮುಟ್ಟಂಗಿಲ್ಲ."

"ಕೇಸು ಎಷ್ಟು ದಿನ ನಡೀತೈತೆ?"

"ವರ್ಷಗಟ್ಲೆ ನಡೀತಾವಪ್ಪ ಕೆಲವು. ನೀನು ತಪ್ಪೊಪ್ಪಿಕೊಂಡ್ರೆ ಬೇಗ ಮುಗೀತೈತಿ, ಶಿಕ್ಷೇನೂ ಕಮ್ಮಿ."

"ಹಂಗಾದ್ರೆ ಒಪ್ಕೊಳ್ಳಲ್ಲ ಸಾರ್," ಎಂದ ಮಾಲತೇಶ.