ಒಂದು ಬೆಂಚು, ಎರಡು ಎತ್ತರ

ಮೂರನೆಯ ಅಂಗಡಿಯಲ್ಲೂ ಅವನು "ಇದು ಬೇಡ" ಎಂದಾಗ, ಆ ಬೆಂಚನ್ನೇ ಎತ್ತಿ ಅವನ ಕಾಲ ಮೇಲೆ ಹಾಕಿಬಿಡೋಣ ಎನ್ನಿಸಿತು ಅವಳಿಗೆ.

ಬೆಂಚಿನದೇನೂ ತಪ್ಪಿರಲಿಲ್ಲ. ಕಾಲು ಮಡಚಿದರೆ ಚಪ್ಪಟೆಯಾಗಿ ಕಾರಿನ ಡಿಕ್ಕಿಯಲ್ಲಿ ಮಲಗುವಂಥದ್ದು. ಬದಿಯ ತಿರುಪು ಸಡಿಲಿಸಿದರೆ ಎತ್ತರ ಏರುತ್ತಿತ್ತು, ಇಳಿಯುತ್ತಿತ್ತು. ಇಬ್ಬರು ಧಾರಾಳವಾಗಿ ಕೂರುವಷ್ಟು ಅಗಲ. ಮೆತ್ತೆಯೂ ಅಷ್ಟೇ, ಕೂತ ಕೂಡಲೇ ಕುಸಿಯದೆ, ಕಲ್ಲಿನ ಹಾಗೆ ಒತ್ತದೆ ಹದವಾಗಿತ್ತು.

"ಯಾಕೆ ಬೇಡ?" ಎಂದಳು ಹಲ್ಲು ಕಚ್ಚಿ.

"ಎರಡು ಬೇರೆ ಬೇರೆ ತಗೊಳ್ಳೋಣ ಅಂತ ಆಗ್ಲೇ ಹೇಳಿದ್ನಲ್ಲ ಮೇಡಂ."

ಹೇಳಿದ್ದ. ಮೊದಲನೆಯ ಅಂಗಡಿಯಲ್ಲಿ ಹೇಳಿದ್ದ, ಎರಡನೆಯದರಲ್ಲಿ ಹೇಳಿದ್ದ, ದಾರಿಯುದ್ದಕ್ಕೂ ಹೇಳಿದ್ದ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ.

ಇಷ್ಟಕ್ಕೆಲ್ಲ ಕಾರಣ ಅವಳ ಸೋದರತ್ತೆ. ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಅತ್ತೆ ಸಂಗೀತ ಶಾಲೆ ನಡೆಸುತ್ತಿದ್ದರು. ಅವಳು ಅಲ್ಲಿ ಕೀಬೋರ್ಡ್ ಕಲಿಸುತ್ತಿದ್ದಳು. ಮಕ್ಕಳು ಹೆಚ್ಚಾದರೆಂದು ಹೋದ ವರ್ಷ ಅತ್ತೆ ಇನ್ನೊಬ್ಬ ಮೇಷ್ಟ್ರನ್ನು ಸೇರಿಸಿಕೊಂಡರು. ಬಂದವನು ಮಿತಭಾಷಿ, ಕನ್ನಡಕಧಾರಿ, ಅವಳ ಭುಜದಷ್ಟು ಎತ್ತರದವನು. ಅವಳೋ ಶಾಲೆಯ ಬಾಗಿಲು ದಾಟುವಾಗ ತಲೆ ತಗ್ಗಿಸಬೇಕಾದಷ್ಟು ಉದ್ದ.

ಅವರಿಬ್ಬರೂ ಒಂದೇ ಕೀಬೋರ್ಡಿನ ಮುಂದೆ ಅಕ್ಕಪಕ್ಕ ಕೂತು ನಾಲ್ಕು ಕೈಯಲ್ಲಿ ನುಡಿಸುವುದನ್ನು ಜನ ಎಲ್ಲೆಲ್ಲಿಗೋ ಕರೆಸಿ ಕೇಳತೊಡಗಿದ್ದರು. ಕೂರಲು ಮಾತ್ರ ಸಿಕ್ಕಿದ ಪ್ಲಾಸ್ಟಿಕ್ ಕುರ್ಚಿ, ಅದರ ಮೇಲೊಂದು ದಿಂಬು. ಹೋದ ಕಾರ್ಯಕ್ರಮದಲ್ಲಿ ಅವನ ದಿಂಬು ಜಾರಿತು, ದಿಂಬಿನ ಹಿಂದೆ ಅವನೂ ಜಾರಿದ. ನೆಲದ ಮೇಲೆ ಕೂತೇ ಒಂದು ಕೈ ಮೇಲೆತ್ತಿ ಕೊನೆಯ ಸ್ವರವನ್ನು ಸರಿಯಾದ ಹೊತ್ತಿಗೆ ಒತ್ತಿದ. ಜನ ಬಿದ್ದು ಬಿದ್ದು ನಕ್ಕರು. ಅತ್ತೆ ನಗಲಿಲ್ಲ. ಮಡಚಿ ಒಯ್ಯುವಂಥ, ಎತ್ತರ ಬದಲಿಸುವಂಥ, ಮೆತ್ತೆ ಇರುವಂಥ ಒಂದು ಬೆಂಚು ತರದೆ ಇನ್ನು ಯಾವ ವೇದಿಕೆಯನ್ನೂ ಹತ್ತಕೂಡದು, ಕೂರುವವರು ನೀವು, ನೀವೇ ಹೋಗಿ ಆರಿಸಿ ಎಂದು ಅಪ್ಪಣೆ ಮಾಡಿದರು.

ಅವನ ಜೊತೆ ಒಂದಿಡೀ ಮಧ್ಯಾಹ್ನ! ಹಿಂದಿನ ದಿನವೇ ಯಾವ ಬಟ್ಟೆ ಎಂದು ಬೀರು ಮುಂದೆ ನಿಂತು ಯೋಚಿಸಿದ್ದಳು. ಆ ಮಧ್ಯಾಹ್ನ ಹೀಗೆ ಹಾಳಾಗುತ್ತಿತ್ತು.

ಮೊದಲ ಅಂಗಡಿಯಲ್ಲಿ ಕತ್ತರಿ ಕಾಲಿನ ಬೆಂಚು ಸಿಕ್ಕಿತು. ಅಗ್ಗ, ಹಗುರ. ಕೂತರೆ ಮಾತ್ರ ತೊಟ್ಟಿಲಿನಂತೆ ತೂಗಿ ಕಿರ್ರೆಂದಿತು. ಎರಡನೆಯದರಲ್ಲಿ ಒಂದೇ ಚೌಕಟ್ಟಿಗೆ ಎರಡು ಆಸನ, ಎರಡಕ್ಕೂ ಬೇರೆ ಬೇರೆ ತಿರುಪು. ಇದಾಗಬಹುದು ಎಂದು ಅವನ ಕಣ್ಣು ಅರಳಿತು. ಎತ್ತಲು ಹೋದ, ಬೆಂಚು ಅಲುಗಲಿಲ್ಲ. ಇದನ್ನು ಹೊರಲು ಇಬ್ಬರು ಆಳು, ಸೊಂಟ ಮುರಿದ ನಮ್ಮನ್ನು ಹೊರಲು ಇನ್ನಿಬ್ಬರು ಎಂದಳು ಅವಳು. ಅವನು ನಕ್ಕಾಗ ಕನ್ನಡಕದ ಮೇಲಿನಿಂದ ಒಂದು ನೋಟ ಅವಳತ್ತ ಬಂತು. ಬಂದದ್ದು ತಕ್ಷಣ ನೆಲಕ್ಕಿಳಿಯಿತು. ಅವನ ನೋಟಗಳೆಲ್ಲ ಹೀಗೇ, ಕದ ತಟ್ಟಿ ತೆಗೆಯುವಷ್ಟರಲ್ಲಿ ಓಡಿಹೋಗುವವು.

ಈಗ ಮೂರನೆಯ ಅಂಗಡಿ. ಕಷ್ಟ ಇದ್ದದ್ದು ಎತ್ತರದಲ್ಲಿ. ಅವನ ಮೊಣಕೈ ಕೀಗಳ ಮಟ್ಟಕ್ಕೆ ಬರಬೇಕಾದರೆ ಬೆಂಚು ಮೇಲೇರಬೇಕು. ಅವಳಿಗಾದರೆ ಕೆಳಗಿಳಿಯಬೇಕು. ಅವನಿಗೆ ಸರಿಮಾಡಿದರೆ ಅವಳು ಬೆನ್ನು ಬಗ್ಗಿಸಿ ನುಡಿಸಬೇಕು, ಅವಳಿಗೆ ಸರಿಮಾಡಿದರೆ ಅವನು ಗೋಡೆಗೆ ಜೋತುಬಿದ್ದವನಂತೆ ಕೈ ಎತ್ತಬೇಕು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು.

ನಿಮಗೆ ಸರಿಹೋಗುವ ಎತ್ತರಕ್ಕೇ ಇರಲಿ, ನಾನು ಹೊಂದಿಕೊಳ್ಳುತ್ತೇನೆ ಎಂದು ಅವಳು ಆಗಿನಿಂದ ಹೇಳುತ್ತಲೇ ಇದ್ದಳು. ಆ ಮಾತು ಬಂದಾಗಲೆಲ್ಲ ಅವನು ಕನ್ನಡಕ ತೆಗೆದು ಅಂಗಿಯ ಚುಂಗಿಗೆ ಒರೆಸಿ, ಬೇಡ ಎನ್ನುತ್ತಿದ್ದ.

"ನೀವಿಬ್ರೂ ಮೊದ್ಲು ಒಂದು ತೀರ್ಮಾನಕ್ಕೆ ಬನ್ನಿ," ಎಂದ ಅಂಗಡಿಯವನು ಸುಸ್ತಾಗಿ. ಮೆತ್ತೆ ಇದ್ದ ಎರಡು ಒಂಟಿ ಬೆಂಚುಗಳನ್ನು ತಂದು, ಮಾದರಿಗೆಂದು ಇಟ್ಟಿದ್ದ ಕೀಬೋರ್ಡಿನ ಮುಂದೆ ಜೋಡಿಸಿದ. ಅವೂ ಮಡಚುವಂಥವೇ. ತಾನೇ ಒಂದನ್ನು ಮೇಲೇರಿಸಿದ, ಇನ್ನೊಂದನ್ನು ಇಳಿಸಿದ. ಕೂತು ನೋಡಿ ಎಂದ.

ಅವಳು ಕೂತಳು, ಅವನೂ ಕೂತ. ಎದುರಿನ ಗಾಜಿನ ಕಪಾಟಿನಲ್ಲಿ ಇಬ್ಬರೂ ಕಂಡರು. ಇಬ್ಬರ ತಲೆಯೂ ಒಂದೇ ಮಟ್ಟಕ್ಕೆ ಬಂದಿತ್ತು, ದಾರ ಹಿಡಿದು ಅಳೆದ ಹಾಗೆ.

ಓ, ಇದಕ್ಕಾ!

ಇದು ಅವಳಿಗೆ ಹೊಸದಲ್ಲ. ಕೆಲವು ವರ್ಷದ ಹಿಂದೆ ಒಬ್ಬನ ಜೊತೆ ಮದುವೆ ಗೊತ್ತಾಗಿತ್ತು. ಆತ ಫೋಟೋ ತೆಗೆಸುವಾಗಲೆಲ್ಲ ಅವಳನ್ನು ಕೂರಿಸಿ ತಾನು ನಿಲ್ಲುತ್ತಿದ್ದ. ಆಮೇಲೆ ಹಿಮ್ಮಡಿಯಿಲ್ಲದ ಚಪ್ಪಲಿ ಹಾಕು ಎಂದ. ಕೊನೆಗೊಂದು ದಿನ, ನಿನ್ನ ಪಕ್ಕ ನಿಂತರೆ ನಾನು ನಿನ್ನ ತಮ್ಮನ ಹಾಗೆ ಕಾಣುತ್ತೇನೆ ಎಂದು ಕೈ ತೊಳೆದುಕೊಂಡ. ಆವತ್ತಿನಿಂದ ಅವಳ ಭುಜಗಳು ತಾವಾಗಿಯೇ ಒಳಕ್ಕೆ ಸರಿಯುವುದನ್ನು ಕಲಿತಿದ್ದವು. ಈ ಮೇಷ್ಟ್ರಿಗೆ ಅದೊಂದು ರೋಗವಿಲ್ಲ ಎಂದುಕೊಂಡಿದ್ದಳು. ಹಾಗೆಂದುಕೊಂಡೇ ಮನಸ್ಸು ಕೊಟ್ಟಿದ್ದಳು.

"ಇಬ್ಬರ ತಲೆ ಸಮ ಆಗ್ಲಿ ಅಂತ ತಾನೆ ಇಷ್ಟು ಹಟ?" ಎಂದಳು. "ಪಕ್ಕದಲ್ಲಿ ಉದ್ದದವಳು ಕೂತ್ರೆ ನಿಮಗೆ ನಾಚಿಕೆ ಅಂದ್ರೆ ನೇರವಾಗಿ ಹೇಳ್ಬಹುದಿತ್ತು. ಇಷ್ಟು ಅಂಗಡಿ ಅಲೆಸಬೇಕಿರ್ಲಿಲ್ಲ."

ಅಂಗಡಿಯವನು ಒಂದು ಡ್ರಮ್ಮಿನ ಧೂಳು ಒರೆಸುವ ಕೆಲಸ ಹುಡುಕಿಕೊಂಡ.

ವರ್ಷದಲ್ಲಿ ಒಮ್ಮೆಯೂ ಸಿಟ್ಟು ಮಾಡಿರದ ಮನುಷ್ಯ ಎದ್ದು ತನ್ನ ಬೆಂಚಿನ ತಿರುಪನ್ನು ಗರಗರ ತಿರುಗಿಸಿ ತಳ ಮುಟ್ಟಿಸಿದ. ಕೂತ. ಗಲ್ಲ ಕೀಗಳ ಹತ್ತಿರಕ್ಕೆ ಬಂತು.

"ನೋಡಿ. ನಾನು ಹೀಗೆ ಕೂರ್ತೀನಿ. ಸಭೆಗೆಲ್ಲ ನನ್ನ ಕೂದ್ಲು ಮಾತ್ರ ಕಾಣ್ಲಿ, ನಂಗೇನೂ ಇಲ್ಲ. ನೀವು ನೆಟ್ಟಗೆ ಕೂರ್ಬೇಕು. ನಂಗೆ ಬೇಕಾಗಿರೋದು ಅಷ್ಟೇ."

ಅವಳು ಗಾಜಿನ ಕಪಾಟಿನಿಂದ ಕಣ್ಣು ಕಿತ್ತು ಅವನತ್ತ ತಿರುಗಿದಳು.

"ನಾನು ಕೆಲಸಕ್ಕೆ ಬಂದ ದಿನ ನೀವು ಕ್ಲಾಸಲ್ಲಿ ಒಬ್ರೇ ನುಡಿಸ್ತಿದ್ರಿ. ಬೆನ್ನು ನೆಟ್ಟಗೆ, ತಲೆ ಎತ್ತಿ. ಬಾಗಿಲಲ್ಲಿ ನಿಂತವನು ಹಾಗೇ ನಿಂತುಬಿಟ್ಟೆ. ನನ್ನ ಕಂಡ ಕೂಡ್ಲೇ ನೀವು ಅರ್ಧ ಆಗ್ಬಿಟ್ರಿ. ಆವತ್ತಿಂದ ಪೂರ್ತಿ ನೋಡೇ ಇಲ್ಲ." ಅವನ ಉಸಿರು ಏರಿತ್ತು. "ಪಕ್ಕದಲ್ಲಿ ಗುಬ್ಬಚ್ಚಿ ಹಾಗೆ ಮುದುಡಿ ಕೂತು ನುಡಿಸ್ತೀರಿ, ಸಂಜೆ ಕತ್ತು ಹಿಡ್ಕೊಂಡು ಮಾತ್ರೆ ನುಂಗ್ತೀರಿ. ನನ್ನಿಂದಾಗಿ ಒಬ್ರು ಹೀಗೆ ಕುಗ್ಗೋದನ್ನ ನನ್ನ ಕೈಲಿ ನೋಡಕ್ಕಾಗಲ್ಲ. ಅದೂ ನಾನು ಪ್ರೀತಿಸೋರು."

ಕೊನೆಯ ಮಾತು ಅವನ ಅನುಮತಿ ಕೇಳದೆ ಹೊರಬಿದ್ದಿತ್ತು. ಕಿವಿ ಕೆಂಪಾಯಿತು. ಕನ್ನಡಕ ತೆಗೆದ, ಒರೆಸಲು ಅಂಗಿಯ ಚುಂಗು ಸಿಗಲಿಲ್ಲ.

ಡ್ರಮ್ಮಿನ ಹಿಂದಿನಿಂದ ಅಂಗಡಿಯವನ ದನಿ ಬಂತು. "ಹಾಗಾದ್ರೆ... ಎರಡು ಕಟ್ಟಿಸ್ಲಾ?"

"ಕಟ್ಟಿಸಿ," ಎಂದಳು ಅವಳು.

ಸಂಕಟ ಅಲ್ಲಿಗೂ ಮುಗಿಯಲಿಲ್ಲ. ಡಿಕ್ಕಿಯಲ್ಲಿ ಕೀಬೋರ್ಡಿನ ಸ್ಟ್ಯಾಂಡ್ ಮೊದಲೇ ಕಾಲು ಚಾಚಿಕೊಂಡಿತ್ತು. ಒಂದು ಬೆಂಚು ಹೇಗೋ ತೂರಿತು, ಇನ್ನೊಂದನ್ನು ಮುಂದಿನ ಸೀಟಿನಲ್ಲಿ ಯಜಮಾನನಂತೆ ಕೂರಿಸಿ ಬೆಲ್ಟ್ ಹಾಕಬೇಕಾಯಿತು. ಅವನು ಹಿಂದಿನ ಸೀಟಿನ ಮೂಲೆ ಸೇರಿದ.

ಅವಳು ಕಾರು ಹೊರಡಿಸಿದಳು. ಅವನು ಮಾತು ಮುಂದುವರಿಸಲಿ ಎಂದು ಕಾದಳು. ಅವನು ಕಿಟಕಿಯ ಹೊರಗಿನ ಅಂಗಡಿ ಬೋರ್ಡುಗಳನ್ನು ಒಂದೂ ಬಿಡದೆ ಓದುತ್ತಿದ್ದ. ಕೊನೆಗೆ ಬೋರ್ಡುಗಳಿಗೇ ಹೇಳುವವನಂತೆ, ತಪ್ಪಾಯಿತು, ಅಂಗಡಿಯಲ್ಲಿ ಆಡಬಾರದ ಮಾತಾಡಿದೆ, ನಿಮಗೆ ಮುಜುಗರವಾದರೆ ಬೇರೆ ಶಾಲೆ ನೋಡಿಕೊಳ್ಳುತ್ತೇನೆ ಎಂದ.

ಅವಳಿಗೆ ಪಿತ್ತ ನೆತ್ತಿಗೇರಿತು. ಒಂದು ವರ್ಷ ಬಾಯಿ ಬಿಡದೆ ಕಾಯಿಸಿ, ಬಿಟ್ಟ ಮೇಲೆ ಅದನ್ನೂ ವಾಪಸು ತೆಗೆದುಕೊಳ್ಳುವ ಮನುಷ್ಯನನ್ನು ಏನು ಮಾಡುವುದು? ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದಳು. ತಿರುಗಿ ನೋಡೋಣವೆಂದರೆ ಬೆಂಚಿನ ಕಾಲು ಅಡ್ಡ. ಕನ್ನಡಿಯನ್ನು ಹೊರಳಿಸಿ ಅವನ ಕಣ್ಣು ಹುಡುಕಿದಳು.

"ನಾನು ಬಗ್ತಿದ್ದಿದ್ದು ನನ್ನ ಎತ್ತರಕ್ಕೆ ಹೆದರಿ ಮಾತ್ರ ಅಲ್ಲ," ಎಂದಳು.

"ಮತ್ತೆ?"

"ನುಡಿಸ್ವಾಗ ನೀವು ಬಾಯೊಳಗೇ ತಾಳ ಎಣಿಸ್ಕೋತೀರಿ. ನಿಮಗೆ ಗೊತ್ತೇ ಇಲ್ಲ ಅದು. ತುಂಬಾ ಮೆಲ್ಲಗೆ. ಅದು ಕಿವಿಗೆ ಬೀಳ್ಲಿ ಅಂತಾನೂ ಬಗ್ತಿದ್ದೆ."

ಕನ್ನಡಿಯಲ್ಲಿದ್ದ ಕಣ್ಣುಗಳು ಈ ಸಲ ಓಡಿಹೋಗಲಿಲ್ಲ. ಅಲ್ಲೇ ನಿಂತವು, ಒದ್ದೆಯಾಗಿ, ನಂಬಲಾಗದೆ.

"ಇನ್ಮೇಲೆ ಸ್ವಲ್ಪ ಜೋರಾಗಿ ಎಣಿಸ್ತೀನಿ," ಎಂದ ಅವನು.

"ಬೇಡ. ಅಷ್ಟಕ್ಕೆ ಮಾತ್ರ ನಾನು ಬಗ್ತೀನಿ. ಕತ್ತು ನೋವು ಬಂದ್ರೆ ಮಾತ್ರೆ ನೀವು ತಂದ್ಕೊಡಿ."

ಅವನು ಇಳಿದು ಬಂದು ಮುಂದಿನ ಬಾಗಿಲು ತೆಗೆದ. ಬೆಂಚನ್ನು ಹಿಂದಕ್ಕೆ ದಾಟಿಸುವುದೆಂದರೆ ಸುಲಭವೇ? ತಿರುಪು ಬೆಲ್ಟಿಗೆ ಸಿಕ್ಕಿಕೊಂಡಿತು, ಕಾಲು ತೆರೆದುಕೊಂಡು ಅವನ ಹೊಟ್ಟೆಗೆ ತಿವಿಯಿತು, ಹಿಂದೆ ಬಂದ ವಾಹನದವನು ಹಾರ್ನ್ ಹೊಡೆದು ಬೈದ. ಅವಳು ಈ ಕಡೆಯಿಂದ ಎಳೆದಳು, ಅವನು ಆ ಕಡೆಯಿಂದ ನೂಕಿದ. ಬೆಂಚು ಹಿಂದಕ್ಕೆ ಬಿದ್ದಾಗ ಇಬ್ಬರಿಗೂ ಏದುಸಿರು.

ಅವನು ಅವಳ ಪಕ್ಕ ಬಂದು ಕೂತ. ಇಷ್ಟು ಹತ್ತಿರ ದಿನವೂ ಕೂತವರೇ. ಆದರೂ ಕೈ ಎಲ್ಲಿಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ. ಕೀಬೋರ್ಡ್ ಇರಲಿಲ್ಲವಲ್ಲ. ಕೊನೆಗೆ ಅವನೇ ಅವಳ ಕೈಯನ್ನು ಗೇರಿನ ಮೇಲಿಂದ ಎತ್ತಿ ತನ್ನ ಅಂಗೈಯಲ್ಲಿಟ್ಟುಕೊಂಡ.

"ಮೇಡಂ..." ಎಂದ.

"ಮೇಡಂ ಅನ್ನೋದು ಬಿಡಿ ಇನ್ನು."

"ಮತ್ತೆ ಏನಂತ ಕರೀಲಿ? ಮನೇಲಿ ಏನಂತಾರೆ?"

ಅವಳು ರಸ್ತೆಯನ್ನು ನೋಡಿದಳು, ಸ್ಟಿಯರಿಂಗನ್ನು ನೋಡಿದಳು. ಹೇಳದೆ ವಿಧಿಯಿರಲಿಲ್ಲ.

"ಪುಟ್ಟಿ."

ಅವನು ಅವಳನ್ನು ಅಡಿಯಿಂದ ಮುಡಿಯವರೆಗೆ ನಿಧಾನವಾಗಿ ನೋಡಿದ. ತುಟಿ ಬಿಗಿಹಿಡಿದ, ಆಗಲಿಲ್ಲ. ಆ ಮಿತಭಾಷಿ ಮನುಷ್ಯ ಕಾರು ಅಲುಗುವಂತೆ ನಕ್ಕ. ಅವಳೂ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ನಗು ಇಳಿದ ಮೇಲೆ ಅವನು ಆ ಹೆಸರನ್ನು ಒಮ್ಮೆ ಹೇಳಿ ನೋಡಿದ, ಮೆಲ್ಲಗೆ, ತಾಳ ಎಣಿಸುವಷ್ಟೇ ಮೆಲ್ಲಗೆ.

ಅವಳು ಕೇಳಿಸಿಕೊಳ್ಳಲು ಬಗ್ಗಿದಳು.