ಗಾಶ್ಪರನಿಗೆ ಮದುವೆಯಾಯಿತಂತೆ!

"ಬಾ ಮಗಳೇ, ಬಾ! ನಾನೇ ನಿನ್ನ ಅಮ್ಮ!"

ಎರಡು ಸೂಟ್‌ಕೇಸ್ ಎಳೆದುಕೊಂಡು ಕಾಲೇಜಿನ ಹೆಬ್ಬಾಗಿಲು ದಾಟಿದ್ದ ನೇಜಾ ಗಕ್ಕನೆ ನಿಂತಳು. ತೋಳು ಚಾಚಿ ನಿಂತಿದ್ದ 'ಅಮ್ಮ'ನಿಗೆ ಇಪ್ಪತ್ತು ತುಂಬಿದ್ದರೆ ಹೆಚ್ಚು. ಕೆಂಚು ಕೂದಲು, ಮೂಗಿನ ಮೇಲೆಲ್ಲ ಚುಕ್ಕೆ, ಬಾಯಿ ತುಂಬ ನಗು.

"ನಾನು ಟ್ಯಾಮ್ಸಿನ್. ಕಾನೂನು, ಎರಡನೇ ವರ್ಷ. ಅಗೋ, ನಿಮ್ಮಪ್ಪನೂ ಬಂದ ನೋಡು. ನಮ್ಮ ಯಜಮಾನ್ರು!"

ಅಂಗಳದ ಹುಲ್ಲನ್ನು ಬಳಸಿಕೊಂಡು ಓಡಿಬರುತ್ತಿದ್ದವನನ್ನು ಕಂಡು ನೇಜಾ ಸೂಟ್‌ಕೇಸಿನ ಹಿಡಿ ಬಿಟ್ಟಳು.

ಗಾಶ್ಪರ್!

ಅವಳ ಗಾಶ್ಪರ್... ಹಾಗೆಂದು ಅವಳು ಯಾರೆದುರೂ ಹೇಳಿರಲಿಲ್ಲ. ಅವನೆದುರಂತೂ ಇಲ್ಲವೇ ಇಲ್ಲ. ಆದರೆ ಮನಸ್ಸು ಯಾರನ್ನು ಕೇಳಿ ಹೆಸರು ಬರೆದುಕೊಳ್ಳುತ್ತದೆ?

"ನೇಜಾ! ಬಂದೇ ಬಿಟ್ಯಲ್ಲೇ!" ಎಂದು ಅವನು ಕೈಚಾಚುವಷ್ಟರಲ್ಲಿ ಟ್ಯಾಮ್ಸಿನ್ ಅವನ ತೋಳಿಗೆ ತೋಳು ಸಿಕ್ಕಿಸಿಕೊಂಡಳು.

"ಏಯ್, ಮೊದಲು ಹೆಂಡತಿಯನ್ನ ಮಾತಾಡ್ಸು. ಮಕ್ಕಳು ಆಮೇಲೆ."

ಅವನು ನಕ್ಕ. ನಕ್ಕುಬಿಟ್ಟ! ನೇಜಾಳ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿದ್ದು ಆಗಲೇ.

ಈ ಕಾಲೇಜಿನಲ್ಲಿ ಇದೊಂದು ಹಳೆಯ ಆಟ. ಮೊದಲ ವರ್ಷ ಮುಗಿಸುವವರು ಜೋಡಿ ಕಟ್ಟಿ 'ಮದುವೆ'ಯಾಗುತ್ತಾರೆ. ಮುಂದಿನ ವರ್ಷ ಬರುವ ಹೊಸಬರಲ್ಲಿ ಒಬ್ಬಿಬ್ಬರು ಅವರಿಗೆ 'ಮಕ್ಕಳು'. ಎಲ್ಲಿ ಊಟ, ಎಲ್ಲಿ ವೈದ್ಯರು, ಬ್ಯಾಂಕಿನ ಖಾತೆ ತೆರೆಯಲು ಏನೇನು ಬೇಕು ಎಂದೆಲ್ಲ ಕಲಿಸಿ ಪರದೇಶದ ಮಕ್ಕಳು ಅಳದಂತೆ ನೋಡಿಕೊಳ್ಳುವುದು ಈ ಅಪ್ಪ-ಅಮ್ಮಂದಿರ ಕೆಲಸ. ಬರೀ ಆಟ. ನೇಜಾಳಿಗೂ ಅದು ಗೊತ್ತು.

ಗೊತ್ತಿದ್ದ ಮಾತ್ರಕ್ಕೆ ಹೊಟ್ಟೆ ಉರಿಯುವುದು ನಿಲ್ಲುತ್ತದೆಯೇ?

*

ಸ್ಲೊವೇನಿಯಾದ ಪ್ಟುಯ್ ಪಟ್ಟಣದಲ್ಲಿ ಇಬ್ಬರದೂ ಒಂದೇ ಬೀದಿ. ಗಾಶ್ಪರ್ ಒಂದು ವರ್ಷ ಮುಂದೆ. ಅವನು ಊರು ಬಿಡುವ ವರ್ಷದ ಕಾರ್ನಿವಲ್‌ನಲ್ಲಿ ಕುರಿ ತುಪ್ಪಟದ ವೇಷ ತೊಟ್ಟು, ಸೊಂಟಕ್ಕೆ ಗಂಟೆ ಕಟ್ಟಿ ಕುಣಿದಿದ್ದ. ಮೆಚ್ಚಿದ ವೇಷಗಾರನಿಗೆ ಹುಡುಗಿಯರು ಕರವಸ್ತ್ರ ಕೊಡುವುದು ಊರಿನ ಪದ್ಧತಿ. ನೇಜಾಳೂ ನೀಲಿ ಅಂಚಿನದೊಂದನ್ನು ಕೊಟ್ಟಿದ್ದಳು. ಅವನ ಸೊಂಟದಲ್ಲಿ ಆಗಲೇ ಒಂದು ಅಂಗಡಿಗಾಗುವಷ್ಟು ಕರವಸ್ತ್ರಗಳು ತೂಗುತ್ತಿದ್ದವು! ಅವತ್ತೂ ಅವಳು ಸರಿಯಾಗಿ ಊಟ ಮಾಡಿರಲಿಲ್ಲ.

ಆಮೇಲೆ ಅವನು ಇಂಗ್ಲೆಂಡಿಗೆ ಬಂದ. ಭೌತಶಾಸ್ತ್ರ. ಮರುವರ್ಷಕ್ಕೆ ನೇಜಾ ಕಾನೂನು ಓದಲು ಅರ್ಜಿ ಹಾಕುವಾಗ ದಾರಿ ತೋರಿಸಿದವನೂ ಅವನೇ. ವಾರವಾರವೂ ವಿಡಿಯೋ ಕರೆ.

"ನಿನ್ನ ಬಗ್ಗೆ ಬರೆಯೋವಾಗ 'ಚಿಕ್ಕಂದಿನಿಂದ ನ್ಯಾಯದ ಹಂಬಲ' ಅಂತೆಲ್ಲ ಬರೀಬೇಡ ಕಣೇ, ಓದೋರು ಆಕಳಿಸ್ತಾರೆ. ಯಾವ ಪುಸ್ತಕ ಓದ್ದೆ, ಓದಿ ಏನ್ ಜಗಳ ಆಡ್ದೆ, ಅದನ್ನ ಬರಿ."

"ನಾನು ಜಗಳ ಆಡಲ್ಲ."

"ಇಂಟರ್‌ವ್ಯೂನಲ್ಲಿ ಹೀಗೆ ಸುಳ್ಳು ಹೇಳ್ಬೇಡ."

ಕ್ರಿಸ್ಮಸ್‌ಗೆ ಊರಿಗೆ ಬಂದಾಗ ದ್ರಾವಾ ನದಿಯ ಸೇತುವೆಯ ಮೇಲೆ ನಿಂತು ಏನೋ ಹೇಳಹೊರಟಿದ್ದ. "ನೇಜಾ... ನೀನು ಅಲ್ಲಿಗೆ ಬಾ. ಆಮೇಲೆ ಹೇಳ್ತೀನಿ," ಎಂದು ನುಂಗಿಕೊಂಡಿದ್ದ. ಬೇಸಿಗೆಯಲ್ಲಿ ಪ್ರಯೋಗಾಲಯದ ಕೆಲಸವೆಂದು ಊರಿಗೇ ಬರಲಿಲ್ಲ.

ಆ ಒಂದು ಮಾತು ಕೇಳಲೆಂದೇ ಅವಳು ರಾಜಧಾನಿ ಲುಬ್ಲ್ಯಾನಾದಲ್ಲಿ ಸಿಕ್ಕ ಕಾನೂನು ಸೀಟು ಬದಿಗಿಟ್ಟು, ವೀಸಾಕ್ಕೆ ಅಲೆದು, ಇಷ್ಟು ದೂರ ಬಂದಿದ್ದಳು. ಅಮ್ಮ ಹೊರಡುವಾಗ ಹೇಳಿದ್ದಳು: "ಹಿಡಿಸ್ಲಿಲ್ಲ ಅಂದ್ರೆ ಸೋಮವಾರದೊಳಗೆ ಬಂದ್ಬಿಡು. ಅಲ್ಲೀವರೆಗೂ ಇಲ್ಲಿನ ಸೀಟು ನಿಂದೇ."

*

'ಕುಟುಂಬದ ಚಹಾ' ಗಾಶ್ಪರನ ಕೋಣೆಯಲ್ಲಿ. ಟ್ಯಾಮ್ಸಿನ್ ತನ್ನದೇ ಮನೆಯೇನೋ ಎಂಬಂತೆ ಕಪಾಟು ತೆರೆದು ಲೋಟ ತೆಗೆದಳು. ಸಕ್ಕರೆ ಎಲ್ಲಿದೆ ಎಂದೂ ಕೇಳಲಿಲ್ಲ!

"ಕೇಳು ಮಗಳೇ. ಕಾಲೇಜಿನೋರು ಹಾಸಿಗೆ ಕೊಡ್ತಾರೆ, ಹೊದಿಕೆ ಕೊಡಲ್ಲ. ಇವತ್ತೇ ಹೋಗಿ ತಗೋ. ನಿಮ್ಮೂರ ಪ್ಲಗ್ ಇಲ್ಲಿ ಹೋಗಲ್ಲ, ನನ್ನ ಹತ್ರ ಒಂದು ಹೆಚ್ಚಿದೆ. ಡಾಕ್ಟರ ಹತ್ರ ಹೆಸರು ಈಗ್ಲೇ ಬರೆಸು, ಜ್ವರ ಬಂದ್ಮೇಲೆ ಓಡ್ಬೇಡ. ಮತ್ತೆ... ಯಾರಾದ್ರೂ 'ಹೇಗಿದ್ದೀಯಾ' ಅಂದ್ರೆ 'ಚೆನ್ನಾಗಿದ್ದೀನಿ' ಅಂದು ಮುಂದೆ ಹೋಗು. ನಿಜ ಹೇಳೋಕೆ ನಿಂತ್ರೆ ಇಲ್ಲಿಯವ್ರು ಗಾಬರಿ ಆಗ್ತಾರೆ."

ಒಂದೊಂದೂ ಉಪಯೋಗದ ಮಾತು. ಅದೇ ಇನ್ನೂ ಸಂಕಟ! ಕೆಟ್ಟವಳಾಗಿದ್ದರೆ ಬೈದುಕೊಳ್ಳಬಹುದಿತ್ತು. ಇವಳು ಒಳ್ಳೆಯವಳು ಬೇರೆ...

"ಸ್ಯಾಂಡ್‌ವಿಚ್ ತಗೋ. ಅಣಬೆ ಹಾಕಿಲ್ಲ. ನಿಂಗೆ ಆಗಲ್ವಂತಲ್ಲ, ಗಾಶ್ಪರ್ ಹೇಳಿದ."

'ನನ್ನ ಅಣಬೆಯ ಸುದ್ದಿ ಇವಳಿಗೇಕೆ?' ನೇಜಾ ಹಲ್ಲು ಕಚ್ಚಿದಳು.

ಆಗ ಕಣ್ಣಿಗೆ ಬಿತ್ತು, ಗೋಡೆಯ ಮೇಲಿನ ಫೋಟೋ. ಕಾಲೇಜಿನ ಹಿಂದಿನ ನದಿ. ಸೇತುವೆ. ಅದರ ಮೇಲೆ ಮೊಣಕಾಲೂರಿ ಕುಳಿತ ಗಾಶ್ಪರ್, ಕೈಯಲ್ಲಿ ಮಿಠಾಯಿಯ ಉಂಗುರ. ಮುಂದೆ ಬಾಯಿಗೆ ಕೈ ಅಡ್ಡವಿಟ್ಟು ನಗುತ್ತಿರುವ ಟ್ಯಾಮ್ಸಿನ್.

ಸೇತುವೆ ಮೇಲೆ... ಮೊಣಕಾಲೂರಿ!

ನನ್ನೆದುರು ಸೇತುವೆಯ ಮೇಲೆ ನಿಂತು ಒಂದು ಮಾತು ಹೊರಡಲಿಲ್ಲ. ಇವಳೆದುರು ಮಂಡಿಯೂ ಬಾಗಿತು, ಉಂಗುರವೂ ಬಂತು!

"ಏನೇ, ಮುಖ ಯಾಕೆ ಹಾಗೆ?" ಗಾಶ್ಪರ್ ಮೆಲ್ಲಗೆ ತಮ್ಮ ಭಾಷೆಯಲ್ಲಿ ಕೇಳಿದ.

"ಪ್ರಯಾಣದ ಆಯಾಸ, ಅಪ್ಪಾ," ಎಂದಳು ನೇಜಾ. ಆ 'ಅಪ್ಪಾ' ಎಂಬುದರಲ್ಲಿ ಎಷ್ಟು ಖಾರವಿತ್ತೆಂದರೆ ಅವನು ಚಹಾ ಕುಡಿಯುವುದನ್ನೇ ಮರೆತ.

*

ಕೋಣೆಗೆ ಬಂದು ಬಾಗಿಲು ಹಾಕಿಕೊಂಡಳೋ ಇಲ್ಲವೋ, ಹೆತ್ತಮ್ಮನ ಫೋನು.

"ಸೇರ್ಕೊಂಡ್ಯಾ? ಊಟ ಆಯ್ತಾ? ಗಾಶ್ಪರ್ ಸಿಕ್ಕಿದ್ನಾ?"

"ಸಿಕ್ಕಿದ್ದ. ಅವನಿಗೆ ಮದುವೆ ಆಗಿದೆ ಅಮ್ಮ!" ಎಂದವಳೇ ಫೋನ್ ಇಟ್ಟು, ದಿಂಬಿಗೆ ಮುಖ ಒತ್ತಿ ಅತ್ತಳು.

ಮಾತು ಮನೆ ಕೆಡಿಸಿತು, ತೂತು ಓಲೆ ಕೆಡಿಸಿತು ಎಂಬುದು ಸುಮ್ಮನೆ ಬಂದ ಗಾದೆಯಲ್ಲ. ನೇಜಾಳ ಅಮ್ಮ ಬ್ರೆಡ್ ತರಲು ಬೇಕರಿಗೆ ಹೋದಳು. ಅಲ್ಲಿ ಗಾಶ್ಪರನ ಅಮ್ಮ ಸಿಕ್ಕಳು. "ಅಭಿನಂದನೆ ಕಣಮ್ಮ, ಒಂದು ಮಾತು ತಿಳಿಸ್ಬಾರ್ದಿತ್ತಾ?" ಎಂದಳು ಇವಳು, ಮುಖ ಊದಿಸಿಕೊಂಡು. ಅವಳ ಕೈಯಲ್ಲಿದ್ದ ಬ್ರೆಡ್ಡು ನೆಲಕ್ಕೆ ಬಿತ್ತು. ಬೇಕರಿಯವಳು ಕೇಳಿಸಿಕೊಂಡಳು ಎಂದ ಮೇಲೆ ಕೇಳಬೇಕೆ, ಕತ್ತಲಾಗುವುದರೊಳಗೆ ಸುದ್ದಿ ನದಿಯ ಎರಡೂ ದಡ ಮುಟ್ಟಿತು.

ಇತ್ತ ನೇಜಾ ಬಿಚ್ಚಿದ್ದ ಬಟ್ಟೆಗಳನ್ನು ಮತ್ತೆ ಮಡಚತೊಡಗಿದಳು. ಲುಬ್ಲ್ಯಾನಾ ಏನು ಕಮ್ಮಿಯೇ? ಅಲ್ಲಿ ಪ್ಲಗ್ಗಾದರೂ ಹೋಗುತ್ತದೆ!

*

ಮರುದಿನ ಬೆಳಗ್ಗೆ ಬಾಗಿಲು ಮುರಿದುಹೋಗುವಂತೆ ಬಡಿತ.

"ನೇಜಾ! ಬಾಗ್ಲು ತೆಗಿ! ಏನೇ ಹೇಳಿದೀಯಾ ಊರಲ್ಲಿ?"

ತೆರೆದರೆ ಗಾಶ್ಪರ್, ತಲೆಗೂದಲು ಕಾಗೆ ಗೂಡು.

"ನಮ್ಮಮ್ಮ ಒಂದೇ ಸಮ ಅಳ್ತಿದ್ದಾಳೆ. ಅಜ್ಜಿ ಆಗ್ಲೇ ಸೊಸೆಗೆ ಅಂತ ಪೊತಿತ್ಸಾ ಸಿಹಿರೊಟ್ಟಿಗೆ ಆಕ್ರೋಟು ಅರೀತಿದ್ದಾಳಂತೆ! ನಮ್ಮಪ್ಪ ಮಾತಾಡೋದೇ ಬಿಟ್ಟಿದ್ದಾನೆ!"

"ನಾನು ಸುಳ್ಳು ಹೇಳಿದ್ನಾ? ಉಂಗುರ ಹಾಕಿಲ್ವಾ? ಮಂಡಿ ಊರಿಲ್ವಾ?"

"ಅದು ಆಟ ಕಣೇ! ನಿಂಗೂ ಗೊತ್ತು!"

"ಆಟಕ್ಕೆ ಬೇರೆ ಯಾರೂ ಸಿಗ್ಲಿಲ್ವಾ? ಅಷ್ಟು ಚಂದದವಳೇ ಬೇಕಿತ್ತಾ?"

ಬಾಯಿ ತಪ್ಪಿ ಬಂದೇ ಬಿಟ್ಟಿತು. ನೇಜಾ ನಾಲಿಗೆ ಕಚ್ಚಿಕೊಂಡಳು.

ಗಾಶ್ಪರನ ಕಣ್ಣು ಮಡಚಿದ ಬಟ್ಟೆಗಳ ಮೇಲೆ, ತುಂಬಿದ ಸೂಟ್‌ಕೇಸಿನ ಮೇಲೆ ಬಿತ್ತು. ಮುಖ ಬಿಳಿಚಿತು.

"ನೀನು... ವಾಪಸ್ ಹೋಗ್ತಿದ್ದೀಯಾ?"

"ಇಲ್ಲಿ ನನಗ್ಯಾರಿದ್ದಾರೆ? ಅಪ್ಪ-ಅಮ್ಮನ ಸಂಸಾರ ನೋಡ್ಕೊಂಡು ಕೂತಿರ್ಲಾ?"

ಗಾಶ್ಪರ್ ಸೂಟ್‌ಕೇಸಿನ ಮೇಲೆಯೇ ಕುಸಿದು ಕುಳಿತ. ತಲೆ ತಗ್ಗಿಸಿ ಹೇಳಿದ:

"ಮಕ್ಕಳನ್ನ ಹಂಚೋದು ಓದೋ ವಿಷಯ ನೋಡಿ. ಅಪ್ಪ-ಅಮ್ಮಂದಿರಲ್ಲಿ ಒಬ್ರಾದ್ರೂ ಅದೇ ವಿಷಯದೋರಾಗಿರ್ಬೇಕು. ನಾನು ಭೌತಶಾಸ್ತ್ರ. ಭೌತಶಾಸ್ತ್ರದೋಳನ್ನೇ ಕಟ್ಕೊಂಡಿದ್ರೆ ನೀನು ಬೇರೆ ಯಾರ್ದೋ ಮನೆಗೆ ಹೋಗ್ತಿದ್ದೆ. ನಿನಗೆ ಸೀಟು ಸಿಗೋ ಹಾಗಿದೆ ಅಂತ ತಿಳಿದ ದಿನವೇ ಕಾನೂನಿನೋರನ್ನ ಹುಡುಕೋಕೆ ಶುರು ಮಾಡ್ದೆ. ಉಳಿದಿದ್ದೋಳು ಟ್ಯಾಮ್ಸಿನ್ ಒಬ್ಳೇ. 'ಮಂಡಿ ಊರಿ ಕೇಳಿದ್ರೆ ಮಾತ್ರ' ಅಂದ್ಲು. ಊರ್ದೆ."

ನೇಜಾಳ ಕೈಯಲ್ಲಿದ್ದ ಸ್ವೆಟರ್ ಹಾಗೇ ಉಳಿಯಿತು.

"ಇಳಿದ ತಕ್ಷಣ ನಿನ್ನ ಎದುರು ನಾನೇ ನಿಂತಿರ್ಬೇಕು, ನಿನ್ನ ಮೊದಲನೇ ಚಹಾ ನಾನೇ ಕೊಡ್ಬೇಕು ಅಂತ... ಬೇರೆ ಯಾವನೋ ಬಂದು ನಿನಗೆ ಊರು ತೋರಿಸಿದ್ರೆ ನನಗೂ ಹೊಟ್ಟೆ ಉರಿಯಲ್ವಾ?"

"ನಿಂಗೂ... ಉರಿಯುತ್ತಾ?"

"ಮತ್ತೆ? ಎಲ್ಲಾ ನಿಂಗೇ ಗುತ್ತಿಗೆ ಕೊಟ್ಟಿದ್ದಾರಾ?"

ನಗು ಬರುವಂತಿತ್ತು. ಅವಳು ಬಿಡಲಿಲ್ಲ. "ಮೊದ್ಲೇ ಹೇಳೋಕೆ ಏನಾಗಿತ್ತು?"

"ನೀನು ಬಂದಾಗ ಆಶ್ಚರ್ಯ ಆಗ್ಲಿ ಅಂತ."

"ಆಯ್ತಪ್ಪಾ, ಆಶ್ಚರ್ಯ ಆಯ್ತು!" ನೇಜಾ ಸ್ವೆಟರನ್ನು ಅವನ ಮುಖಕ್ಕೆ ಎಸೆದಳು. "ಇಷ್ಟೆಲ್ಲ ಉಪಾಯ ಮಾಡಿ ಏನಾದೆ? ನನಗೆ ಅಪ್ಪ ಆದೆ! ಬುದ್ಧಿವಂತ!"

ಅದು ಮಾತ್ರ ಗಾಶ್ಪರನಿಗೆ ಈವರೆಗೂ ಹೊಳೆದಿರಲಿಲ್ಲ. ಒಂದೇ ಕುಟುಂಬದ ಅಪ್ಪ ಮಗಳ ಹಿಂದೆ ಬಿದ್ದರೆ ಇಡೀ ಕಾಲೇಜು ವರ್ಷವಿಡೀ ಆಡಿಕೊಂಡು ನಗುತ್ತದೆ. ಅವನು ಸ್ವೆಟರ್ ಹಿಡಿದು ಪಿಳಿಪಿಳಿ ಕಣ್ಣುಬಿಟ್ಟ. ಆಮೇಲೆ ಎದ್ದು ಓಡಿದ.

'ಈ ಬಾರಿಯೂ ಆ ಮಾತು ಹೇಳದೆ ಹೋದನಲ್ಲ...' ನೇಜಾ ಬಾಗಿಲನ್ನೇ ನೋಡುತ್ತ ನಿಂತಳು. ಸೂಟ್‌ಕೇಸನ್ನು ಬಿಚ್ಚಲೂ ಇಲ್ಲ, ಮುಚ್ಚಲೂ ಇಲ್ಲ.

*

ಆ ಸಂಜೆ ಹೊಸಬರ ಔತಣ. ಎಲ್ಲರೂ ಕಪ್ಪು ನಿಲುವಂಗಿ ತೊಟ್ಟು ಉದ್ದನೆಯ ಮೇಜುಗಳಿಗೆ ಕುಳಿತಿದ್ದರು. ನೇಜಾಳಿಗೆ ತುತ್ತು ಇಳಿಯುತ್ತಿರಲಿಲ್ಲ.

ಟಣ್! ಟಣ್! ಟ್ಯಾಮ್ಸಿನ್ ಎದ್ದು ನಿಂತು ಚಮಚದಿಂದ ಲೋಟ ಬಾರಿಸಿದಳು.

"ಎಲ್ಲರೂ ಕೇಳಿ! ನನ್ನ ಗಂಡ ವಸಂತದಿಂದ ಇವತ್ತಿನವರೆಗೂ ನನ್ನ ಜೊತೆ ಕೂತು ಇನ್ನೊಬ್ಬಳ ಹೆಸರೇ ಜಪ ಮಾಡಿದ್ದಾನೆ. ಅವಳಿಗೆ ಅಣಬೆ ಆಗಲ್ಲ, ಅವಳು ಜಗಳಗಂಟಿ, ಅವಳು ನಕ್ಕರೆ ಬಲಗೆನ್ನೇಲಿ ಗುಳಿ ಬೀಳುತ್ತೆ... ಯಾವ ಹೆಂಡತಿ ಸಹಿಸ್ತಾಳೆ? ಆದ್ದರಿಂದ ಅವನಿಗೆ ಇವತ್ತೇ ಸೋಡಚೀಟಿ! ಮಗಳು ನನ್ನವಳು, ನನ್ನ ಹತ್ರಾನೇ ಇರ್ತಾಳೆ. ಅವನು ಇನ್ಮೇಲೆ ಅವಳಿಗೆ ಯಾರೂ ಅಲ್ಲ. ಏನಾಗ್ಬೇಕು ಅಂತಾನೋ, ಅದಾಗ್ಲಿ!"

ಇಡೀ ಭೋಜನಶಾಲೆ ಮೇಜು ಗುದ್ದಿ ಕೂಗಿತು. ನೇಜಾಳ ಕಿವಿ ಕೆಂಪಾಗಿ ಉರಿದವು. ಟ್ಯಾಮ್ಸಿನ್ ಬಗ್ಗಿ ಅವಳ ಕಿವಿಯಲ್ಲಿ ಪಿಸುಗುಟ್ಟಿದಳು: "ಅಮ್ಮನ ಮಾತು ಕೇಳು. ಹೊರಗೆ ಸೇತುವೆ ಹತ್ರ ನಿಂತಿದ್ದಾನೆ. ಚಳಿ ಇದೆ, ಕೋಟು ಹಾಕ್ಕೊಂಡು ಹೋಗು."

ನೇಜಾ ಅವಳನ್ನು ಗಟ್ಟಿಯಾಗಿ ಅಪ್ಪಿಕೊಂಡಳು. ಹೊಟ್ಟೆಯೊಳಗಿನ ಕಿಚ್ಚು ಎಲ್ಲಿ ಆರಿತೋ ಅವಳಿಗೇ ತಿಳಿಯಲಿಲ್ಲ.

ಸೇತುವೆಯ ಮೇಲೆ ಗಾಶ್ಪರ್ ಒಬ್ಬನೇ ನಿಂತಿದ್ದ. ಅವಳನ್ನು ಕಂಡು ನಿಲುವಂಗಿಯ ಅಂಚು ಸರಿಸಿದ. ಸೊಂಟದ ಬೆಲ್ಟಿಗೆ ನೀಲಿ ಅಂಚಿನ ಕರವಸ್ತ್ರ ಗಂಟು ಹಾಕಿತ್ತು. ಅದೊಂದೇ.

"ಅಮ್ಮ ಬೆಳಗ್ಗೆ ಅಳ್ತಾ ಅಳ್ತಾನೇ ಕೇಳಿದ್ಲು. 'ಬೇರೆಯೋಳನ್ನ ಮದುವೆ ಆಗೋನು ಕ್ರಿಸ್ಮಸ್‌ನಲ್ಲಿ ನೇಜಾಳ ಕರವಸ್ತ್ರ ಯಾಕೋ ಬಚ್ಚಿಟ್ಕೊಂಡು ಹೋದೆ' ಅಂತ. ಅವಳಿಗೆ ಹೇಳ್ಬಿಟ್ಟೆ. ನಿನಗೇ ಹೇಳಿಲ್ಲ, ನೋಡು." ಅವನು ಒಂದು ಹೆಜ್ಜೆ ಮುಂದೆ ಬಂದ. "ನಿನ್ನನ್ನ ಪ್ರೀತಿಸ್ತೀನಿ, ನೇಜಾ. ಊರಿನ ಆ ಸೇತುವೆ ಮೇಲೆ ಹೇಳ್ಬೇಕಾಗಿದ್ದು ಇದೇ. ಹೋಗ್ಬೇಡ..."

ನೇಜಾಳ ಕಣ್ಣು ತುಂಬಿ ಬಂತು. ಆದರೂ ಕೇಳದೆ ಬಿಡುವವಳಲ್ಲ ಅವಳು.

"ಉಳಿದ ಹುಡುಗೀರ ಕರವಸ್ತ್ರ ಎಲ್ಲಿ?"

"ಅಜ್ಜಿ ಅದ್ರಲ್ಲಿ ಒಲೆ ಒರೆಸ್ತಾಳೆ."

"ಎಲ್ಲಾನೂ?"

"ಒಂದೂ ಬಿಡದೆ."

ಅವಳು ಬಂದು ಅವನ ಎದೆಗೆ ಹಣೆ ಆನಿಸಿದಳು. ಅವನು ತನ್ನ ನಿಲುವಂಗಿಯನ್ನೇ ಅವಳಿಗೂ ಹೊದಿಸಿದ.

"ಹೇಗಿದ್ದೀಯಾ?" ಎಂದ ಮೆಲ್ಲಗೆ.

"ನಿಜ ಹೇಳಿದ್ರೆ ಇಲ್ಲಿಯವ್ರು ಗಾಬರಿ ಆಗ್ತಾರಂತೆ."

"ನಾನು ಇಲ್ಲಿಯವನಲ್ಲ. ಹೇಳು."

"ಹಾಗಾದ್ರೆ ಕೇಳು. ಹಸಿವಾಗ್ತಿದೆ, ಚಳಿ ಆಗ್ತಿದೆ, ನನ್ನ ಹತ್ರ ಇನ್ನೂ ಹೊದಿಕೆ ಇಲ್ಲ..." ಅವಳು ತಲೆಯೆತ್ತಿದಳು. ಬಲಗೆನ್ನೆಯಲ್ಲಿ ಗುಳಿ ಬಿತ್ತು. "ನಾಳೆ ಜೊತೆಗೆ ಬಾ, ತಗೊಳ್ಳೋಣ. ಮತ್ತೆ ಗೋಡೆ ಮೇಲಿನ ಆ ಫೋಟೋ ತೆಗೀತೀಯೋ ಇಲ್ವೋ?"

"ಬೆಳಗ್ಗೆಯೇ ತೆಗೆದಾಯ್ತು."