ಕಣಜದ ಪೀಠಕ್ಕೆ ಹೆಸರಾದವಳು

ಹಿಂದೆ, ಬೆಟ್ಟಗಳಿಗೂ ಹೊಳೆಗಳಿಗೂ ಜನ ಇನ್ನೂ ಹೆಸರು ಹುಡುಕುತ್ತಿದ್ದ ಕಾಲದಲ್ಲಿ, ತೆನೆಗಲ್ಲು ಎಂಬ ರಾಜ್ಯವಿತ್ತು. ರಾಜ್ಯಕ್ಕೆಲ್ಲ ಒಂದೇ ಕಣಜ. ಯಾವ ನಾಡಿಗೆ ಯಾವ ಬೀಜ, ಯಾವ ಕೆರೆಯ ತೂಬನ್ನು ಯಾವಾಗ ತೆಗೆಯಬೇಕು, ಎಲ್ಲವನ್ನೂ ಹೇಳುವವನು ಕಣಜಾಧಿಕಾರಿ. ದೊರೆ ಬದಲಾದರೆ ಜನ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಕಣಜದ ಪೀಠ ಖಾಲಿಯಾದರೆ ಮಾತ್ರ ಮನೆಮನೆಯಲ್ಲೂ ಎದೆ ಒಡೆದುಹೋಗುತ್ತಿತ್ತು.

ಆ ಪೀಠದಲ್ಲಿ ಕೂರಿಸುವುದಕ್ಕೆ ಒಂದು ಕಟ್ಟಳೆಯಿತ್ತು. ಮೊದಲು ದೊರೆ ಒಬ್ಬರ ಹೆಸರು ಹೇಳಬೇಕು. ಆಮೇಲೆ ಎರೆನಾಡು, ಕೆರೆನಾಡು, ಬೆಟ್ಟನಾಡು, ಈ ಮೂರು ನಾಡಿನ ಬೇಸಾಯಗಾರರು ಕಣಜದ ಮುಂದಿನ ಕಣದಲ್ಲಿ ಸೇರಬೇಕು. ಒಪ್ಪಿಗೆಯಾದರೆ ದೊರೆ ಹೆಸರಿಸಿದವರ ಉಡಿಗೆ ಬೀಜ ಹಾಕಬೇಕು, ಇಲ್ಲವಾದರೆ ಹೊಟ್ಟು. ಮೊದಮೊದಲು ಊರಿಗೆ ಊರೇ ಸಾಲು ನಿಂತು ಹಾಕುತ್ತಿತ್ತು. ಬರಬರುತ್ತ ಜನಕ್ಕೆ ಬೇಸರ ಬಂತು. ಬಿಸಿಲಲ್ಲಿ ಯಾರು ನಿಲ್ಲುತ್ತಾರೆ ಹೇಳಿ! ನಾಡಿಗೊಬ್ಬರಂತೆ ಹಿರಿಯರನ್ನು ಮುಂದೆ ಬಿಟ್ಟು, ಉಳಿದವರು ಹಿಂದೆ ನಿಂತು ಎಲೆಅಡಿಕೆ ಜಗಿಯತೊಡಗಿದರು.

ಮಾಟಗಾರ ಮಸಣಯ್ಯನಿಗೆ ಅಷ್ಟೇ ಬೇಕಾಗಿತ್ತು. ಹಳೆಯ ಅಧಿಕಾರಿ ತೀರಿಕೊಂಡ ದಿನವೇ, "ಹೊಸಬರು ಬರುವವರೆಗೆ ನಾನು ನೋಡಿಕೊಳ್ಳುತ್ತೇನೆ" ಎಂದು ಬಂದು ಪೀಠದಲ್ಲಿ ಕೂತ. ಕೂತವನು ಏಳಲೇ ಇಲ್ಲ. ದೊರೆ ಹೊಸಬರೊಬ್ಬರ ಹೆಸರು ಹೇಳಿದಾಗ ಎರೆನಾಡಿನ ಹಿರಿಯ ನಾಗಗವುಡ ಅವರ ಉಡಿಗೆ ಹಿಡಿ ಬೀಜ ಹಾಕಿದ. ಹಾಕಿದ ಕ್ಷಣವೇ ಮಸಣಯ್ಯನ ಮಾಟಕ್ಕೆ ಅವನ ಬಲಗೈ ಮೊಣಕೈವರೆಗೆ ಒಣಹುಲ್ಲಾಯಿತು. ಅಲ್ಲೇ ಇದ್ದ ಎತ್ತೊಂದು ಬಂದು ಅದನ್ನು ಮೂಸಿತು.

ಆಮೇಲೆ ಬೀಜ ಹಾಕುವ ಧೈರ್ಯ ಯಾರಿಗಿರುತ್ತದೆ? ದೊರೆ ಹೆಸರಿಸಿದವರು ಒಬ್ಬೊಬ್ಬರಾಗಿ, ಮೂರು ನಾಡಿನ ಹೊಟ್ಟೂ ಉಡಿಗೆ ಬಿದ್ದೊಡನೆ, ನಿಂತಲ್ಲೇ ಬೆದರುಬೊಂಬೆಯಾದರು. ಕಣಜದ ಸುತ್ತಲ ಹೊಲದಲ್ಲಿ ಅವರು ಕೈ ಚಾಚಿ ನಿಂತಿದ್ದರು. ಮೈಯೆಲ್ಲ ಹುಲ್ಲು, ಕಣ್ಣು ಮಾತ್ರ ಮನುಷ್ಯರದು. ದಾರಿಯಲ್ಲಿ ಹೋಗುವವರನ್ನು ಆ ಕಣ್ಣುಗಳು ಹಿಂಬಾಲಿಸುತ್ತಿದ್ದವು. ಹಾಗಾಗಿ ಆ ದಾರಿಯಲ್ಲಿ ಯಾರೂ ಹೋಗುತ್ತಿರಲಿಲ್ಲ.

ಹೋಗುತ್ತಿದ್ದವಳು ಜಾಕವ್ವ ಒಬ್ಬಳೇ. ಆ ಬೊಂಬೆಗಳಲ್ಲಿ ಅವಳ ಅಣ್ಣ ಕೇತನೂ ಇದ್ದ. ಅಣ್ಣನ ಕಣ್ಣು ಕುಕ್ಕಲು ಬರುವ ಕಾಗೆಗಳನ್ನು ಓಡಿಸುತ್ತ, ಕೆನ್ನೆಯ ಹುಲ್ಲು ನೆನೆದಿದ್ದರೆ ಒರೆಸುತ್ತ ಅವಳು ದಿನ ಕಳೆಯುತ್ತಿದ್ದಳು. ಮಳೆಗಾಲ ಹತ್ತಿರ ಬಂತು. ನೆನೆದ ಹುಲ್ಲು ಕೊಳೆಯುತ್ತದೆ, ಅದು ಅವಳಿಗೆ ಗೊತ್ತು. ನೇರ ದೊರೆಯ ಬಳಿಗೆ ಹೋದಳು.

"ಬುದ್ಧಿ, ನನ್ನ ಹೆಸರು ಹೇಳಿ."

ದೊರೆ ನನ್ನಿದೇವ ತಲೆಯೆತ್ತಲಿಲ್ಲ. "ಮಗಳೇ, ನಾನು ಹೇಳಿದ ಹೆಸರೆಲ್ಲ ಹೊಲದಲ್ಲಿ ನಿಂತಿವೆ. ರಾತ್ರಿ ನನಗೆ ಅನ್ನ ಇಳಿಯುವುದಿಲ್ಲ. ನೀನು ಮನೆಗೆ ಹೋಗು."

"ಪೀಠದಲ್ಲಿ ಕಟ್ಟಳೆ ಪ್ರಕಾರ ಒಬ್ಬರು ಕೂತರೆ ಮಾಟ ಬಿಡ್ತದೆ. ಇಲ್ಲದಿದ್ರೆ ನಮ್ಮಣ್ಣ ಈ ಮಳೆಗೆ ಕೊಳೆತುಹೋಗ್ತಾನೆ. ಹೇಳಿ ಬುದ್ಧಿ."

ದೊರೆ ಅವಳ ಹೆಸರು ಹೇಳಿದ.

ಮರುದಿನ ಕಣದಲ್ಲಿ ಮೂರು ನಾಡಿನ ಜನ ಸೇರಿದರು. ಕಣಜದ ಜಗಲಿಯ ಮೇಲೆ, ಪೀಠದಲ್ಲಿ ಮಸಣಯ್ಯ ನಗುತ್ತ ಕೂತಿದ್ದ. ಅವನ ನೆರಳು ಸೂರ್ಯ ಇದ್ದ ಕಡೆಗೇ ಬಿದ್ದಿತ್ತು. ಜಾಕವ್ವ ಸೆರಗು ಒಡ್ಡಿ ನಿಂತಳು.

ಮೊದಲು ಎರೆನಾಡಿನ ನಾಗಗವುಡ ಬಂದ. ಹುಲ್ಲಿನ ಕೈ ಜೋತುಬಿದ್ದಿತ್ತು. "ತಾಯಿ, ನನಗೆ ಉಳಿದಿರೋದು ಇದೊಂದೇ ಕೈ," ಎಂದು ಅಳುತ್ತ ಎಡಗೈಯಿಂದ ಹೊಟ್ಟು ಹಾಕಿದ. ಜಾಕವ್ವನ ಕಾಲು ಹುಲ್ಲಾಯಿತು.

ಆಮೇಲೆ ಕೆರೆನಾಡಿನ ಬೊಪ್ಪಯ್ಯ ಬಂದ. ಅವಳ ಮುಖ ನೋಡಲಾರದೆ ಹೊಟ್ಟು ಹಾಕಿದ. ಹುಲ್ಲು ಸರಸರನೆ ಮೇಲೇರಿ ಅವಳ ಎದೆಯವರೆಗೆ ಬಂತು. ಉಸಿರಾಡಿದರೆ ಒಳಗೆಲ್ಲ ಗರಗರ ಸದ್ದು. ಸೆರಗು ಹಿಡಿದ ಕೈಯೂ ಸೆಟೆದುಹೋಯಿತು. ಅವಳಿಗೆ ಕಿರುಚಬೇಕು ಎನಿಸುವಷ್ಟು ಭಯವಾಯಿತು.

ಕೊನೆಗೆ ಬೆಟ್ಟನಾಡಿನ ಬೋಚಜ್ಜಿ ಬಂದಳು. ಮುಷ್ಟಿ ಬಿಚ್ಚಿದರೆ ಒಳಗೆ ನವಣೆಯ ಬೀಜ.

"ನಾನು ಇವತ್ತೋ ನಾಳೆಯೋ ಅನ್ನೋ ಮುದುಕಿ. ಕೈ ಹೋದ್ರೆ ಹೋಗ್ಲಿ ಮಗಾ."

"ಬೇಡಜ್ಜಿ!" ಜಾಕವ್ವ ಹೇಗೋ ದನಿ ಹೊರಡಿಸಿದಳು. "ಒಂದೇ ಒಂದು ಕಾಳು ಹಾಕಿ. ಹಿಡಿ ಬೀಜಕ್ಕೆ ನಾಗಗವುಡರ ಕೈ ಮೊಣಕೈವರೆಗೆ ಹೋಯ್ತು. ಒಂದು ಕಾಳಿಗೆ ಎಷ್ಟು ಹೋದೀತು?"

ಅಜ್ಜಿ ಒಂದು ಕಾಳು ಹಾಕಿದಳು. ಕಿರುಬೆರಳಿನ ಉಗುರ ತುದಿ ಒಂದು ಎಳೆ ಹುಲ್ಲಾಯಿತು, ಅಷ್ಟೇ. ಪೀಠದಲ್ಲಿದ್ದ ಮಸಣಯ್ಯನ ನಗು ನಿಂತಿತು.

ಜಾಕವ್ವ ಅಜ್ಜಿಯ ಹೆಗಲಾಚೆ ನೋಡಿದಳು. ಸಾವಿರ ಜನ ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡು ಜಗಿಯುವುದನ್ನೂ ಮರೆತು ನಿಂತಿದ್ದರು.

"ಒಪ್ಪಿಗೆ ಕೊಡಬೇಕಾದವರು ನೀವೆಲ್ಲ. ಅಜ್ಜಿ ಕೈ ಒಂದೇ ಯಾಕೆ? ನಿಮ್ಮ ಕೈ ಎಲ್ಲಿ?"

ಮಸಣಯ್ಯ ಎದ್ದು ಗುಡುಗಿದ: "ಬರುವವರ ಹೆಸರೆಲ್ಲ ನನಗೆ ಗೊತ್ತು! ನಿಮ್ಮ ತೂಬು ತೆರೆಯುವವನು ನಾನು!"

ಯಾರೂ ಕದಲಲಿಲ್ಲ. ಹುಲ್ಲು ಜಾಕವ್ವನ ಕುತ್ತಿಗೆ ದಾಟಿತು. ಆಗ ಬಸುರಿಯೊಬ್ಬಳು, ಅವಳ ಗಂಡನೂ ಬೊಂಬೆಯಾಗಿದ್ದ, ಅಜ್ಜಿಯ ಕೈಯಿಂದ ಒಂದು ಕಾಳು ತೆಗೆದು ಜಾಕವ್ವನ ಉಡಿಗೆ ಹಾಕಿದಳು. ಹಿಂದೆಯೇ ಅವಳ ಮಾವ ಬಂದ. ನಾಚಿಕೆಯಿಂದ ಬೊಪ್ಪಯ್ಯ ಬಂದ, ಉಳಿದ ಕೈ ಚಾಚಿ ನಾಗಗವುಡನೂ ಬಂದ. ಆಮೇಲೆ ಮೂರು ನಾಡಿನವರು ಸಾಲು ಕಟ್ಟಿದರು. ಪ್ರತಿಯೊಬ್ಬರ ಉಗುರಲ್ಲೂ ಒಂದೊಂದು ಎಳೆ ಹುಲ್ಲು. ಮಸಣಯ್ಯ ಮಂತ್ರ ಹೇಳಿದ, ಹೇಳಿದ, ಬೆರಳಿನಿಂದ ಬೆರಳಿಗೆ ಹರಿಹರಿದು ಅವನ ಮಾಟ ತೆಳುವಾಯಿತು. ಕೊನೆಗೆ ಒಂದು ಮಗು ಹಾಕಿದ ಕಾಳಿಗೆ ಏನೂ ಆಗಲಿಲ್ಲ. ಮಗು ಬೆರಳು ನೋಡಿಕೊಂಡು ನಕ್ಕಿತು.

ಗಾಳಿ ಬೀಸಿತು. ಉಡಿಯೊಳಗಿನ ಹೊಟ್ಟೆಲ್ಲ ಹಾರಿಹೋಯಿತು, ಬೀಜ ಉಳಿಯಿತು. ಜಾಕವ್ವನ ಮೈಯಿಂದ ಹುಲ್ಲು ಉದುರಿತು. ಅವಳು ಜಗಲಿ ಹತ್ತಿ ಪೀಠದಲ್ಲಿ ಕೂತಳು. ಮಸಣಯ್ಯ ಮೆಟ್ಟಿಲಿಳಿಯಲು ಹೋದ. ಸೊಂಟದ ಕೆಳಗೆ ಅವನು ಬರೀ ಹೊಟ್ಟಾಗಿದ್ದ. ಅದೇ ಗಾಳಿಗೆ ಅವನೂ ತೂರಿಹೋದ.

ಹೊಲದಲ್ಲಿ ಬೊಂಬೆಯಾಗಿದ್ದವರೆಲ್ಲ ಕೈ ಇಳಿಸಿ ಮನುಷ್ಯರಾದರು. ಕೇತ ಮಂಡಿಯೂರಿ ಬಿದ್ದು, "ಜಾಕೀ, ನೀರು" ಎಂದ. ಪೀಠದ ಗೌರವ ಗೀರವ ಎಲ್ಲ ಬಿಟ್ಟು ಅವಳು ಚೆಂಬು ಹಿಡಿದು ಓಡಿದಳು, ಅಣ್ಣನನ್ನು ತಬ್ಬಿಕೊಂಡು ಜೋರಾಗಿ ಅತ್ತಳು.

ಆಮೇಲೆ ಜಾಕವ್ವ ಹೊಸ ಕಟ್ಟಳೆಯೊಂದನ್ನು ತಂದಳು. ಪ್ರತಿ ಸುಗ್ಗಿಗೂ ಅಧಿಕಾರಿ ಪೀಠದಿಂದಿಳಿದು, ಬರಿಗಾಲಲ್ಲಿ ಕಣಕ್ಕೆ ಬಂದು, ಖಾಲಿ ಉಡಿ ಒಡ್ಡಿ ನಿಲ್ಲಬೇಕು, ಜನ ಹೊಸದಾಗಿ ಬೀಜವನ್ನೋ ಹೊಟ್ಟನ್ನೋ ಹಾಕಬೇಕು. ಜನ ಮಾತಾಡಿಕೊಳ್ಳುತ್ತ, ನಗುತ್ತ ಸಾಲು ನಿಲ್ಲುತ್ತಿದ್ದರು, ಹೊಟ್ಟೆ ತುಂಬ ಉಂಡು ಸುಖವಾಗಿದ್ದರು. ಆ ಒಂದು ದಿನ ಇಡೀ ತೆನೆಗಲ್ಲಿನಲ್ಲಿ ಹೆದರುತ್ತಿದ್ದವಳು ಜಾಕವ್ವ ಒಬ್ಬಳೇ.